ಅಪ್‌ಡೇಟ್: ಅಪ್ಪನ ಹೆಪಟೈಟಿಸ್ ಸಿ ಮತ್ತು ಇಳಿಯದ ಶುಗರ್

ಸಿಂಧನೂರಿನಲ್ಲಿರುವ ಅಪ್ಪನಿಗೆ ಹೆಪಟೈಟಿಸ್ ಸಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಇದೆ, ಇನ್ಸುಲಿನ್ ತಗೊಂಡರೂ ಶುಗರ್ ಇಳಿಯುತ್ತಿಲ್ಲ ಅಂತ ಕೇಳಿದ್ದೆ ಅಲ್ವಾ? "ಮೊದಲು ವೈರಸ್‌ಗೆ ಮಾತ್ರೆ ಶುರು ಮಾಡಿಸಿ" ಅಂದವರ ಮಾತೇ ಕೆಲಸ ಮಾಡಿತು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ವೈರಸ್‌ಗೆ ಕೊಡುವ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳು ಉಚಿತ. ಅಪ್ಪನಿಗೆ 12 ವಾರದ ಕೋರ್ಸ್, ಇನ್ನೂ ನಡೀತಿದೆ.

ಶುಗರ್‌ಗೆ ಅಂತ ಬಂದ ಉಳಿದ ಸಲಹೆಗಳಲ್ಲಿ ಹಾಗಲಕಾಯಿ ರಸ ಸುಮ್ನೆ ಬಾಯಿ ಕಹಿ ಅಷ್ಟೇ. ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿ ತಿಂದದ್ದು ಸ್ವಲ್ಪ ಪರವಾಗಿಲ್ಲ. ಯಾರೋ ಹೇಳಿದ ಬೇರಿನ ಪುಡಿಯನ್ನು ಲಿವರ್‌ಗೆ ಹೊರೆ ಅಂತ ಡಾಕ್ಟರ್ ಬಿಡಿಸಿದರು.

ಆಶ್ಚರ್ಯ ಏನಂದ್ರೆ, ಈ ವೈರಸ್ಸೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಹಾಗೆ ಮಾಡುತ್ತಂತೆ. ವೈರಸ್ ಕಡಿಮೆಯಾಗುತ್ತಿದ್ದಂತೆ ಶುಗರ್ ಜಾಸ್ತಿಯೇ ಇಳಿದು, ಒಂದು ರಾತ್ರಿ ಬೆವರು, ನಡುಕ! ಬೆಲ್ಲ ತಿನ್ನಿಸಿದೆವು. ಈಗ ಡಾಕ್ಟರ್ ಇನ್ಸುಲಿನ್ ಡೋಸ್ ಇಳಿಸಿದ್ದಾರೆ, ಮನೆಯಲ್ಲೇ ಗ್ಲುಕೋಮೀಟರ್‌ನಲ್ಲಿ ನೋಡ್ತಾ ಇರಿ ಅಂದಿದ್ದಾರೆ.