ಒಂದೇ ಸಿಂಕ್, ಅಮ್ಮನಿಗೆ ಕೀಮೋ, ಮಗನಿಗೆ ಚಿಕನ್: ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ?

ಮುಲುಂಡ್‌ನಿಂದ:
ನಮ್ಮದು ಒಂದು ಬೆಡ್‌ರೂಮಿನ ಮನೆ. ಅಡುಗೆ ಕಟ್ಟೆ ಐದು ಅಡಿ, ಸಿಂಕ್ ಒಂದೇ. ಊರಿಂದ ಅಮ್ಮ ಬಂದಿದ್ದಾರೆ, ಕೀಮೋ ಶುರುವಾಗಿದೆ. ಬಿಳಿ ರಕ್ತಕಣ ಕಡಿಮೆ ಇರುವ ದಿನಗಳಲ್ಲಿ ಊಟದಿಂದ ಯಾವ ಸೋಂಕೂ ತಗುಲಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ಅಮ್ಮ ಸಸ್ಯಾಹಾರಿ. ಮಗನಿಗೆ ಜಿಮ್, ವಾರಕ್ಕೆ ಮೂರು ಸಲ ಚಿಕನ್ ಬೇಕೇ ಬೇಕು. ಪಾತ್ರೆ, ಚಾಕು ಬೇರೆ ಮಾಡಿದ್ದೇನೆ. ಸಿಂಕ್ ಏನು ಮಾಡಲಿ? ಎರಡನೇ ಫ್ರಿಜ್ ತೆಗೆದುಕೊಳ್ಳಲಾ? ಅನುಭವ ಇದ್ದವರು ಹೇಳಿ.

ಡೊಂಬಿವಲಿಯಿಂದ:
ಎರಡು ವರ್ಷದ ಹಿಂದಿನ ಮಾತು, ಇನ್ನೂ ಮರೆತಿಲ್ಲ. ಮಗಳ ಹುಟ್ಟುಹಬ್ಬ. ಒಂದೂವರೆ ಕಿಲೋ ಚಿಕನ್ ತಂದು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದೆ. ಪಕ್ಕದಲ್ಲೇ ಜರಡಿಯಲ್ಲಿ ತೊಳೆದ ಕೊತ್ತಂಬರಿ, ಸಿಪ್ಪೆ ತೆಗೆದ ಸೌತೆಕಾಯಿ ಇತ್ತು. ಚಿಕನ್ ಕುಕ್ಕರಿನಲ್ಲಿ ಬೆಂದಿತು. ಸೌತೆಕಾಯಿ ಹಸಿಯಾಗಿಯೇ ಕೋಸಂಬರಿ ಆಯಿತು.

ಮರುದಿನ ಸಂಜೆಗೆ ಐದು ಜನಕ್ಕೆ ಜ್ವರ, ಭೇದಿ. ಚಿಕನ್ ಮುಟ್ಟದ ನನ್ನ ಅತ್ತೆಗೇ ಎಲ್ಲರಿಗಿಂತ ಜಾಸ್ತಿ. ಅವರು ತಿಂದಿದ್ದು ಅನ್ನ, ಸಾರು, ಕೋಸಂಬರಿ ಅಷ್ಟೇ. ಅವರನ್ನು ಅಡ್ಮಿಟ್ ಮಾಡಬೇಕಾಯಿತು. ಮೂರು ದಿನ ಸಲೈನ್. ಬಿಲ್ 38,400. ವಿಮೆಯವರು ಗ್ಲೌಸು, ಸಿರಿಂಜು ಅಂತ 6,200 ಕತ್ತರಿಸಿದರು. ಮಲದ ಕಲ್ಚರ್ ಪರೀಕ್ಷೆಗೆ ಬೇರೆ 1,100. ಅದರಲ್ಲೇ ಸಾಲ್ಮೊನೆಲ್ಲಾ ಎಂಬ ಕ್ರಿಮಿ ಅಂತ ಬಂದದ್ದು. ನಲ್ಲಿಯ ನೀರು ಕೋಳಿಯ ಮೇಲೆ ಬಿದ್ದು ಹನಿಹನಿಯಾಗಿ ಸುತ್ತ ಸಿಡಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು.

ಅಂದಿನಿಂದ ನಾನು ಚಿಕನ್ ತೊಳೆಯುವುದಿಲ್ಲ. ಚೀಲದಿಂದ ನೇರ ಪಾತ್ರೆಗೆ. 650 ಕೊಟ್ಟು ಅಡುಗೆ ಥರ್ಮಾಮೀಟರ್ ತಂದಿದ್ದೇನೆ. ದಪ್ಪ ತುಂಡಿನ ನಡುವೆ ಚುಚ್ಚಿ 74 ಡಿಗ್ರಿ ಬಂದ ಮೇಲೆಯೇ ಇಳಿಸುತ್ತೇನೆ.

ಸಾಯನ್‌ನಿಂದ, ಹೋಟೆಲ್ ಅಡುಗೆಮನೆಯಲ್ಲಿ 28 ವರ್ಷ:
ತೊಳೆಯದೇ ಹಾಕುವುದಾ ಮಾರಾಯ್ರೆ? ನಮ್ಮ ಗಲ್ಲಿಯ ಅಂಗಡಿಗೆ ಬಂದು ನೋಡಿ. ಒಂದೇ ಮರದ ಕೊರಡಿನ ಮೇಲೆ ಬೆಳಗ್ಗಿಂದ ನೂರು ಕೋಳಿ ಕಡಿದಿರುತ್ತಾರೆ. ಪುಕ್ಕ, ರಕ್ತ, ಮೂಳೆಯ ಪುಡಿ ಎಲ್ಲ ಅಂಟಿಕೊಂಡಿರುತ್ತದೆ. ಡಬ್ಬಿಯಲ್ಲಿ ಬರುವ ಚಿಕನ್ನಿನ ಮಾತು ಬೇರೆ.

ನಾನು ಮಾಡುವುದು ಹೀಗೆ. ಆಳವಾದ ಪಾತ್ರೆಯಲ್ಲಿ ಮೊದಲೇ ನೀರು ತುಂಬಿಡುತ್ತೇನೆ. ತುಂಡುಗಳನ್ನು ಮೆಲ್ಲಗೆ ಬಿಟ್ಟು ಕೈಯಲ್ಲೇ ಎರಡು ಸಲ ಆಡಿಸುತ್ತೇನೆ. ನಲ್ಲಿ ಬಿಡುವುದಿಲ್ಲ, ಸಿಡಿಯುವ ಮಾತೇ ಇಲ್ಲ. ನೀರನ್ನು ಬಚ್ಚಲ ಮೋರಿಗೆ ಚೆಲ್ಲುತ್ತೇನೆ, ಸಿಂಕಿಗಲ್ಲ.

ಹೋಟೆಲಿನಲ್ಲಿ ಹಲಗೆಗೆ ಬಣ್ಣ ಇರುತ್ತದೆ. ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ, ತರಕಾರಿಗೆ ಹಸಿರು. ಮನೆಗೂ ನಾಲ್ಕು ತಂದೆ, 1,760 ರೂಪಾಯಿ. ಆರು ತಿಂಗಳಿಗೆ ಕೆಂಪು ಹಲಗೆಯ ತುಂಬ ಚಾಕುವಿನ ಗೀರು. ಗೀರಿನಲ್ಲಿ ಕೂತ ಕೊಳೆ ಬ್ರಶ್ಶಿಗೆ ಸಿಗುವುದಿಲ್ಲ. ಬಿಸಾಡಿ ಇನ್ನೊಂದು ತಂದೆ, 440. ಅದೂ ಹೋಯಿತು. ಆದರೂ ನಮ್ಮ ಮನೆಯಲ್ಲಿ ಇದುವರೆಗೆ ಒಬ್ಬರೂ ಮಲಗಿಲ್ಲ.

ವಾಸ್ಕೊದಿಂದ:
ಎರಡನೇ ಫ್ರಿಜ್ ಬೇಡವೇ ಬೇಡ. ನಾನು ತೆಗೆದುಕೊಂಡು ಸೋತವಳು. ಗೋವಾದಲ್ಲಿ ಜೂನ್, ಜುಲೈ ಮೀನು ಹಿಡಿಯುವ ಟ್ರಾಲರ್ ಬಂದ್, ಮೇ ಕೊನೆಗೇ ಸುರಮಯಿ ಮೀನು ತಂದು ತುಂಬಿಡೋಣ ಅಂತ ಹಳೇ ಫ್ರಿಜ್ ಕೊಂಡೆ. 7,500. ಟೆಂಪೋ 600. ತಿಂಗಳೊಳಗೆ ಗ್ಯಾಸ್ ತುಂಬಿಸಲು 2,300. ಬಾಗಿಲ ರಬ್ಬರ್ ಸಡಿಲ, 900. ಮಳೆಗಾಲದಲ್ಲಿ ಒಂದು ರಾತ್ರಿ ಪೂರ್ತಿ ಕರೆಂಟ್ ಇರಲಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ನೆಲದ ಮೇಲೆ ಕೆಂಪು ನೀರು. ನಾಲ್ಕು ಕಿಲೋ ಮೀನು ಹೂಳಿದೆ. ಕೊನೆಗೆ 3,000ಕ್ಕೆ ಮಾರಿದೆ.

ಫ್ರಿಜ್ ಬೇಕೆನಿಸಲು ಇನ್ನೊಂದು ಕಾರಣವೂ ಇತ್ತು, ಅದೂ ತಪ್ಪೇ. ಮೇಲಿನ ತಟ್ಟೆಯಲ್ಲಿಟ್ಟ ಬಂಗಡೆಯ ಚೀಲ ಸೋರಿ ಕೆಳಗಿನ ಮೊಸರಿನ ಬೋಗುಣಿಗೆ ಬಿದ್ದಿತ್ತು. ಮೊಸರಿನ ಕೆನೆಯ ಮೇಲೆ ಕಂದು ಬಣ್ಣದ ಗೆರೆ, ಚಮಚ ಹಾಕುವಾಗ ಕಂಡೆ. ಇದಕ್ಕೆ ಔಷಧ 220 ರೂಪಾಯಿಯ ಮುಚ್ಚಳ ಇರುವ ಸ್ಟೀಲ್ ಡಬ್ಬ. ಹಸಿ ಮೀನು, ಚಿಕನ್ ಅದರೊಳಗೆ, ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿ. ಸೋರಿದರೂ ಕೆಳಗೆ ಏನೂ ಇಲ್ಲ. ಮೀನು ಹೆಚ್ಚುವುದು ಹಿತ್ತಲಲ್ಲಿ, ಆದೋಳಿಯ ಮೇಲೆ. ನಮ್ಮೂರಿನ ಮೆಟ್ಟುಗತ್ತಿಯೇ ಅದು. ಅದನ್ನು ಒಳಗೆ ತರುವುದೇ ಇಲ್ಲ.

ಕೊತ್ರೂಡ್‌ನಿಂದ:
ಓದಿ ಬೇಸರವಾಯಿತು. ಇದಕ್ಕೇ ನಮ್ಮ ಹಿರಿಯರು ಮುಸುರೆ, ಎಂಜಲು ಅಂತ ಕಟ್ಟುನಿಟ್ಟು ಇಟ್ಟಿದ್ದು. ನಮ್ಮಜ್ಜಿ ಧಾರವಾಡದಲ್ಲಿ ಅನ್ನ ಮುಟ್ಟಿದ ಕೈ ತೊಳೆಯದೇ ಹಾಲಿನ ಪಾತ್ರೆ ಮುಟ್ಟುತ್ತಿರಲಿಲ್ಲ. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ಬೈಗುಳ. ನಮ್ಮ ಉಪ್ಪಿನಕಾಯಿಗೆ ಎರಡು ವರ್ಷವಾದರೂ ಬೂಷ್ಟು ಬರುತ್ತಿರಲಿಲ್ಲ. ಮಾಂಸವೇ ಬರದ ಮನೆಯಲ್ಲಿ ಈ ಯಾವ ಖರ್ಚೂ ಇಲ್ಲ. ಮಗನಿಗೆ ಹೊರಗೆ ತಿನ್ನಲು ಹೇಳಿ.

ಚಿಂಚ್‌ವಡ್‌ನಿಂದ:
ಕೊತ್ರೂಡ್ ಅವರೇ, ನಾನೂ ಸಸ್ಯಾಹಾರಿ. ಮೊಟ್ಟೆಯೂ ಒಳಗೆ ಬರುವುದಿಲ್ಲ. ಆದರೂ ನಾವು ನಾಲ್ಕು ಜನ ವಾಂತಿ ಮಾಡಿಕೊಂಡು ಬಿದ್ದಿದ್ದೆವು. ಕಾರಣ ರಾತ್ರಿಯ ಅನ್ನ. ಏಪ್ರಿಲ್ ತಿಂಗಳು, ಅನ್ನ ರಾತ್ರಿಯಿಡೀ ಕಟ್ಟೆಯ ಮೇಲೇ ಇತ್ತು. ಬೆಳಗ್ಗೆ ಚಿತ್ರಾನ್ನ. ಎರಡು ಗಂಟೆ ಕಳೆಯುವಷ್ಟರಲ್ಲಿ ಎಲ್ಲರಿಗೂ ವಾಂತಿ. ಬ್ಯಾಸಿಲಸ್ ಸೆರೆಯಸ್ ಅಂತ ಒಂದು ಕ್ರಿಮಿ. ಅದರ ಬೀಜ ಅನ್ನ ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ, ಆ ವಿಷ ಒಗ್ಗರಣೆಯ ಬಿಸಿಗೂ ಹೋಗುವುದಿಲ್ಲ. ಕ್ಲಿನಿಕ್, ಇಂಜೆಕ್ಷನ್, ರಜೆ ಎಲ್ಲ ಸೇರಿ 4,700 ಹೋಯಿತು.

ಕೈ ತೊಳೆಯುವ ಅಜ್ಜಿಗೆ ನನ್ನ ನಮಸ್ಕಾರ. ಆದರೆ ಕೊಳೆ ಬೇರೆ, ಮೈಲಿಗೆ ಬೇರೆ. ನನ್ನ ಗೆಳತಿ ಮಾಂಸ ತಿನ್ನುತ್ತಾಳೆ ಅಂತ ಪುಣೆಯಲ್ಲಿ ಏಳು ಮನೆ ತಪ್ಪಿಹೋದವು. ಬ್ರೋಕರ್ ಮೊದಲು ಕೇಳುವುದೇ ವೆಜ್ಜಾ ನಾನ್‌ವೆಜ್ಜಾ ಅಂತ. ಅವಳ ಅಡುಗೆಮನೆ ನನ್ನದಕ್ಕಿಂತ ಸ್ವಚ್ಛ. ಮೈಲಿಗೆಯ ಮಾತನ್ನು ದಯವಿಟ್ಟು ಇಲ್ಲಿ ತರಬೇಡಿ.

ಕೊತ್ರೂಡ್‌ನಿಂದ:
ನಾನು ಮೈಲಿಗೆ ಎಂಬ ಪದವನ್ನೇ ಬರೆದಿಲ್ಲ. ನಮ್ಮಜ್ಜಿಯ ಅಭ್ಯಾಸ ಹೇಳಿದೆ. ಅದಕ್ಕೂ ನಿಮ್ಮ ಬ್ರೋಕರಿಗೂ ಏನು ಸಂಬಂಧ?

ಚಿಂಚ್‌ವಡ್‌ನಿಂದ:
ಬರೆಯಲಿಲ್ಲ, ಆದರೆ "ಮಾಂಸವೇ ಬರದ ಮನೆ" ಅಂದಿರಿ ಅಲ್ವಾ? ಅದೇ ಸಾಕು.

ಡೊಂಬಿವಲಿಯಿಂದ:
ಸಾಯನ್ ಅಣ್ಣ, ಕೈಯಲ್ಲಿ ಆಡಿಸಿದ ಮೇಲೆ ಆ ಕೈ ಎಲ್ಲಿಗೆ ಹೋಗುತ್ತದೆ? ಬಚ್ಚಲ ಬಾಗಿಲ ಚಿಲಕಕ್ಕೆ, ಮಗ್ಗಿಗೆ. ಆಮೇಲೆ ಅದೇ ಮಗ್ಗಿನಲ್ಲಿ ಮಗು ಬಾಯಿ ತೊಳೆಯುತ್ತದೆ. ಬೆಂದರೆ ಕ್ರಿಮಿ ಸಾಯುತ್ತದೆ, ತೊಳೆದರೆ ಸಾಯುವುದಿಲ್ಲ. ಪುಕ್ಕ ಕಂಡರೆ ಕಾಗದದಿಂದ ಒರೆಸಿ ತೆಗೆಯಿರಿ, ಕಾಗದ ಕಸಕ್ಕೆ ಹಾಕಿ.

ಸಾಯನ್‌ನಿಂದ:
ಅಕ್ಕ, ನಿಮ್ಮ ಅತ್ತೆ ಆಸ್ಪತ್ರೆಯಲ್ಲಿದ್ದ ನೋವು ಗೊತ್ತಾಗುತ್ತದೆ. ಆದರೆ ರಕ್ತ ಕಂಡ ಕೋಳಿಯನ್ನು ಹಾಗೇ ಪಾತ್ರೆಗೆ ಹಾಕಲು ನನ್ನ ಕೈ ಬರುವುದಿಲ್ಲ. ಬಚ್ಚಲನ್ನೂ ಚಿಲಕವನ್ನೂ ನಾನು ಬ್ಲೀಚ್ ನೀರಿನಿಂದ ಒರೆಸುತ್ತೇನೆ. ಮೊದಲು ಸೋಪಿನಿಂದ ತೊಳೆದು, ಆಮೇಲೆ ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚ್. ಸಿಂಕಿಗೂ ಅದೇ.

ವಾಸ್ಕೊದಿಂದ:
ನಾನು ವಿನೆಗರ್, ನಿಂಬೆಹಣ್ಣು ಹಚ್ಚುತ್ತೇನೆ. ಬ್ಲೀಚ್ ವಾಸನೆ ಆಗುವುದಿಲ್ಲ.

ಸಾಯನ್‌ನಿಂದ:
ಮೀನಿನ ವಾಸನೆ ಹೋಗುತ್ತದೆ, ಕ್ರಿಮಿ ಹೋಗುವ ಭರವಸೆ ಇಲ್ಲ. ಅದನ್ನೂ ಬ್ಲೀಚನ್ನೂ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ನಮ್ಮ ಹುಡುಗನೊಬ್ಬ ಮೋರಿ ತೊಳೆಯುವಾಗ ಸೇರಿಸಿ ಕೆಮ್ಮಿ ಕೆಮ್ಮಿ ಹೊರಗೆ ಓಡಿಬಂದಿದ್ದ.

ಚಿಂಚ್‌ವಡ್‌ನಿಂದ:
ಎಲ್ಲರೂ ನಮ್ಮ ನಮ್ಮ ಕತೆಯೇ ಹೇಳಿದೆವು. ಮುಲುಂಡ್ ಅಕ್ಕ ಕೇಳಿದ್ದು ಅವರ ಅಮ್ಮನ ಬಗ್ಗೆ. ಅಕ್ಕ, ಮೊದಲು ಕೈಬಟ್ಟೆ ನೋಡಿ. ಕಟ್ಟೆ ಒರೆಸಿದ ಬಟ್ಟೆಯಿಂದಲೇ ಅಮ್ಮನ ತಟ್ಟೆ ಒರೆಸಿದರೆ ಹತ್ತು ಹಲಗೆ ಇದ್ದರೂ ಏನು ಬಂತು? ಹಳೇ ಕಾಟನ್ ಸೀರೆ ಹರಿದು ಇಪ್ಪತ್ತು ತುಂಡು ಮಾಡಿ. ದಿನವೂ ಬದಲಿಸಿ, ಕುದಿಸಿ ಬಿಸಿಲಿಗೆ ಹಾಕಿ. ಚಿಕನ್ ನೀರು ಒರೆಸಿದ್ದು ಕಸಕ್ಕೆ.

ಮುಲುಂಡ್‌ನಿಂದ:
ಎಲ್ಲರಿಗೂ ವಂದನೆ. ಫ್ರಿಜ್ ಬಿಟ್ಟೆ, ಸ್ಟೀಲ್ ಡಬ್ಬ ತಂದೆ. ಅಮ್ಮನ ಅಡುಗೆ ಮೊದಲು ಮಾಡಿ, ಮುಚ್ಚಿ, ಹಾಲ್‌ನ ಮೇಜಿನ ಮೇಲಿಡುತ್ತೇನೆ. ಅವರ ಊಟ ಮುಗಿದ ಮೇಲೇ ಚಿಕನ್ ಚೀಲ ಬಿಚ್ಚುವುದು. ತೊಳೆಯುತ್ತಿಲ್ಲ. ಸಾಯನ್ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಇನ್ನೊಂದು ಉಳಿದಿದೆ. ಚಿಕನ್ ಕೈಯಲ್ಲಿ ನಲ್ಲಿ ತಿರುಗಿಸಲೇಬೇಕಲ್ಲ? ಕೈ ತೊಳೆದು ಮತ್ತೆ ಅದನ್ನೇ ಹಿಡಿದು ಮುಚ್ಚುತ್ತೇನೆ.

ಸಾಯನ್‌ನಿಂದ:
ಬೇಜಾರು ಏನಿಲ್ಲ ತಂಗಿ. ಮೊಣಕೈಯಿಂದ ತಳ್ಳುವ ಉದ್ದ ಹಿಡಿಯ ನಲ್ಲಿ ಸಿಗುತ್ತದೆ, ನಮ್ಮ ಮನೆಗೆ 1,150 ಆಯಿತು, ಪ್ಲಂಬರ್ 300. ಅಲ್ಲಿಯವರೆಗೆ ಚೀಲ ಬಿಚ್ಚುವ ಮೊದಲೇ ನಲ್ಲಿಯನ್ನು ಸಣ್ಣಗೆ ಬಿಟ್ಟಿಡಿ. ಸೋಪನ್ನು ತಟ್ಟೆಯಲ್ಲಿಡಬೇಡಿ, ಪಂಪ್ ಇರುವ ಬಾಟಲಿ ಇಡಿ, ಅದನ್ನೂ ಮಣಿಕಟ್ಟಿನಿಂದ ಒತ್ತಿ. ಕೈ ತೊಳೆದಾದ ಮೇಲೆ ಅದೇ ಸೋಪಿನ ನೊರೆಯಿಂದ ನಲ್ಲಿಯ ಹಿಡಿಯನ್ನೂ ಉಜ್ಜಿ ಮುಚ್ಚಿ.

ಮುಲುಂಡ್‌ನಿಂದ:
ನಮ್ಮ ಕಟ್ಟಡಕ್ಕೆ ನೀರು ಬರುವುದು ಬೆಳಗ್ಗೆ ಆರರಿಂದ ಎಂಟು. ಬಿಟ್ಟಿಡಲು ಮನಸ್ಸು ಬರುವುದಿಲ್ಲ. ಎರಡು ಚೊಂಬು ನೀರು ತುಂಬಿಟ್ಟುಕೊಂಡು, ಮಗನಿಗೆ ಕೈಮೇಲೆ ಹೊಯ್ಯಲು ಹೇಳುತ್ತೇನೆ. ಚಿಕನ್ ಬೇಕಾದದ್ದು ಅವನಿಗೇ. ಇವತ್ತಿಂದಲೇ ಅವನನ್ನು ಸಿಂಕಿನ ಪಕ್ಕ ನಿಲ್ಲಿಸಿದ್ದೇನೆ.