ಹಳೆ ಫೈಬರ್ ಹಾಯಿದೋಣಿಯ ತಳದಲ್ಲಿ ಗುಳ್ಳೆ. ಹುಬ್ಬಳ್ಳಿಗೆ ತಂದು ರಿಪೇರಿ ಮಾಡಬಹುದಾ?

ಲೇತ್ ಅಂಗಡಿ, ಹುಬ್ಬಳ್ಳಿ (ಜನವರಿ ಕೊನೆ)

ನಮಸ್ಕಾರ. ನಾನು ಲೇತ್ ಅಂಗಡಿಯವನು, ಸಮುದ್ರಕ್ಕೂ ನಮಗೂ ಸಂಬಂಧವೇ ಇಲ್ಲ. ಆದರೂ ಮೂರು ವರ್ಷದ ಹಿಂದೆ ಗೆಳೆಯನ ಜೊತೆ ಸೇರಿ ಗೋವಾದಿಂದ ಒಂದು ಹಳೆ ಹಾಯಿದೋಣಿ ತಗೊಂಡೆ. 18 ಅಡಿ, ಫೈಬರ್, 1980ರ ದಶಕದ್ದು. ಕಾರವಾರದ ಹತ್ತಿರ ಕಾಳಿ ನದಿಯಲ್ಲಿ ವರ್ಷವಿಡೀ ಕಟ್ಟಿರುತ್ತೇವೆ. ಮನೆಯಲ್ಲಿ ಅದಕ್ಕೆ "ನಿಮ್ಮ ಎಮ್ಮೆ" ಅನ್ನುತ್ತಾರೆ. ಹಾಲು ಕೊಡದ ಎಮ್ಮೆ.

ಹೋದ ವಾರ ಪಾಚಿ ಕೆರೆಯಲು ದಡಕ್ಕೆ ಎಳೆದೆವು. ನೀರಿನ ಗೆರೆಯ ಕೆಳಗೆ ಪೂರ್ತಿ ಗುಳ್ಳೆ! ಹಂಚಿನ ಮೇಲೆ ರೊಟ್ಟಿ ಉಬ್ಬುವ ಮುಂಚೆ ಅಲ್ಲಲ್ಲಿ ಏಳುತ್ತದಲ್ಲ, ಹಾಗೆ. ಕೆಲವು ಕಡಲೆಕಾಳಿನಷ್ಟು, ಕೆಲವು ಎರಡು ರೂಪಾಯಿ ನಾಣ್ಯದಷ್ಟು. ಎಣಿಸಿದೆ, 63. ಒಂದಕ್ಕೆ ಸ್ಕ್ರೂಡ್ರೈವರ್ ತುದಿ ಒತ್ತಿದೆ. ಚಿಮ್ಮಿ ಕನ್ನಡಕಕ್ಕೆ ಬಿತ್ತು. ವಿನೆಗರ್ ವಾಸನೆ, ಬೆರಳಲ್ಲಿ ಉಜ್ಜಿದರೆ ಜಿಡ್ಡು.

ಅಲ್ಲಿ ಒಬ್ಬರು "ಪುಟ್ಟಿ ತುಂಬಿ ಬಣ್ಣ ಹೊಡೆದು ನಾಲ್ಕು ದಿನದಲ್ಲಿ ನೀರಿಗೆ ಬಿಡೋಣ" ಅಂದರು. ನನಗೆ ಧೈರ್ಯ ಸಾಲುತ್ತಿಲ್ಲ. ದೋಣಿ ಮುಳುಗುತ್ತದಾ? ಇಲ್ಲಿಗೆ ತಂದು ನಾನೇ ಮಾಡಬಹುದಾ?

ಟ್ಯಾಂಕ್ ಮಾಲೀಕ, ಗದಗ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸರ್. ಕಾರಿಗೆ ಹಾಕುವ ಪುಟ್ಟಿ ಒಂದು ಡಬ್ಬಿ ಸಾಕು. ನಮ್ಮ ಮಾಳಿಗೆ ಮೇಲಿನ ಟ್ಯಾಂಕ್‌ಗೆ ಅದನ್ನೇ ಹಚ್ಚಿದ್ದು, ಆರು ವರ್ಷ ಆಯಿತು.

ಗೋಕುಲ ರೋಡ್ ಫೈಬರ್

ಗದಗಿನ ಅಣ್ಣಾರ ಟ್ಯಾಂಕ್ ಬಿರುಕು ಬಿಟ್ಟಿತ್ತು ಅಂತ ಕಾಣುತ್ತದೆ. ಅದು ಬೇರೆ ರೋಗ. ಕಾರಿನ ಪುಟ್ಟಿ ನೀರು ಕುಡಿಯುತ್ತದೆ. ನಾನೂ ಒಮ್ಮೆ ಕೆರೆಯ ನಾಲ್ಕು ಪೆಡಲ್ ಬೋಟ್‌ಗಳಿಗೆ ಅದನ್ನೇ ತುಂಬಿದ್ದೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲ ಎದ್ದು ಬಂತು. ದುಡ್ಡು ವಾಪಸ್ ಕೊಟ್ಟೆ.

ಸರ್, ಮೊದಲು ಸಮಾಧಾನ: ಗುಳ್ಳೆಯಿಂದ ದೋಣಿ ಮುಳುಗುವುದಿಲ್ಲ. ಹೊರಗಿನ ನುಣುಪು ಪದರ, ಅಂದರೆ ಜೆಲ್ ಕೋಟ್ ದಾಟಿ ನೀರು ನಿಧಾನಕ್ಕೆ ಒಳಗೆ ಹೋಗುತ್ತದೆ. ಒಳಗೆ ಸರಿಯಾಗಿ ಗಟ್ಟಿಯಾಗದ ರೆಸಿನ್‌ನ (ಫೈಬರ್ ಎಳೆಗಳನ್ನು ಹಿಡಿದಿಡುವ ಅಂಟು) ಅಂಶ ಅದರಲ್ಲಿ ಕರಗುತ್ತದೆ. ಆ ಕರಗಿದ ರಸ ಹೊರಗಿನ ನೀರನ್ನು ಇನ್ನಷ್ಟು ಎಳೆಯುತ್ತದೆ. ಒಣದ್ರಾಕ್ಷಿ ನೆನೆಹಾಕಿದರೆ ಉಬ್ಬುವುದಿಲ್ವಾ, ಅದೇ ಆಟ. ನಿಮ್ಮ ಕನ್ನಡಕಕ್ಕೆ ಬಿದ್ದದ್ದು ಆ ರಸ.

ಇವತ್ತೇ ಎಲ್ಲ ಗುಳ್ಳೆಗೂ ಪೆನ್ಸಿಲ್‌ನಿಂದ ಸುತ್ತು ಹಾಕಿ. ಒಣಗಿದರೆ ಕುಗ್ಗಿ ಮಾಯವಾಗುತ್ತವೆ, ಆಮೇಲೆ ಹುಡುಕುತ್ತಾ ಕೂರಬೇಕು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ. ಎಲ್ಲಾದರೂ ದೊಡ್ಡ ಜಾಗದಲ್ಲಿ ಬೊದ್ ಅಂದರೆ ಅಲ್ಲಿ ಒಳಗಿನ ಫೈಬರ್ ಎಳೆಯ ಮ್ಯಾಟ್ ಪದರವೇ ಬಿಟ್ಟಿದೆ. ಅದು ಪುಟ್ಟಿಯಲ್ಲಿ ಮುಗಿಯುವ ಕೆಲಸ ಅಲ್ಲ.

ಗ್ರೈಂಡರ್‌ನಿಂದ ಒಂದೊಂದನ್ನೂ ತಟ್ಟೆಯಂತೆ ಇಳಿಜಾರಾಗಿ ತೆರೆಯಿರಿ. ಕನ್ನಡಕ, ಮಾಸ್ಕ್ ಮರೆಯಬೇಡಿ. ಆಮೇಲೆ ಸಿಹಿನೀರಿನಲ್ಲಿ ತೊಳೆಯಿರಿ, ಮತ್ತೆ ಮತ್ತೆ ತೊಳೆಯಿರಿ. ಆ ರಸ ಹೋಗದಿದ್ದರೆ ಎಷ್ಟು ಒಣಗಿಸಿದರೂ ಗುಳ್ಳೆ ತಿರುಗಿ ಬರುತ್ತದೆ. ತುಂಬುವುದು ಎಪಾಕ್ಸಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು) ಮಾತ್ರ. ಮೊದಲು ತೆಳ್ಳಗೆ ಬ್ರಷ್‌ನಿಂದ, ಆಮೇಲೆ ಸಿಲಿಕಾ ಪುಡಿ ಕಲಸಿದ ಗಟ್ಟಿ ಎಪಾಕ್ಸಿ. ನಾವು ಫೈಬರ್‌ನವರು ಗಟ್ಟಿ ಮಾಡುವ ಹಾರ್ಡ್ನರ್ ಅಂದಾಜಿನಲ್ಲಿ ಹಾಕುವವರು. ಎಪಾಕ್ಸಿಗೆ ಆ ಚಾಳಿ ನಡೆಯುವುದಿಲ್ಲ, ಡಬ್ಬಿಯ ಮೇಲೆ ಬರೆದಷ್ಟೇ ತೂಗಿ ಹಾಕಿ.

ಕೋಡಿಬಾಗದವಳು, ಕಾರವಾರ

ಅಣ್ಣಾ, ದಯವಿಟ್ಟು ಘಟ್ಟದ ಮೇಲಕ್ಕೆ ತಗೊಂಡು ಹೋಗಿ. ನಮ್ಮಲ್ಲಿ ಹಪ್ಪಳವೇ ಸಂಜೆಗೆ ಮೆತ್ತಗಾಗುತ್ತದೆ, ದೋಣಿ ಒಣಗುವುದು ಎಲ್ಲಿಂದ? ಒಳಗಿನ ತಳದಲ್ಲಿ ಮಳೆನೀರು ನಿಲ್ಲುತ್ತಾ ನೋಡಿ. ಫೈಬರ್ ಒಳಗಿನಿಂದಲೂ ನೀರು ಹೀರುತ್ತದೆ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಗುಳ್ಳೆ ಜಾಸ್ತಿ. ಮಳೆಗಾಲದಲ್ಲಿ ಕಾಳಿ ಹೊಳೆಯೇ ಸಿಹಿನೀರಾಗುತ್ತದೆ ಅಲ್ವಾ.

ಲೇತ್ ಅಂಗಡಿ, ಹುಬ್ಬಳ್ಳಿ (ಏಪ್ರಿಲ್ ಕೊನೆ)

ಎಮ್ಮೆ ಲಾರಿ ಹತ್ತಿ ಅರಬೈಲ್ ಘಟ್ಟ ಏರಿ ಬಂತು. ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜನ ಸೇರಿ "ಇದು ಯಾವ ಜಾತ್ರೆಗೆ?" ಅಂದರು. ಈಗ ಅಂಗಡಿಯ ಹಿಂದೆ ತಗಡಿನ ನೆರಳಲ್ಲಿದೆ.

ತೆರೆದು ತೊಳೆದ ಮೇಲೆ ಏಳು ವಾರ ಬಿಟ್ಟೆ. ಒಣಗಿತಾ ಅಂತ ನೋಡಲು ವಾರಕ್ಕೊಮ್ಮೆ ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ತಳಕ್ಕೆ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸುತ್ತಿದ್ದೆ. ಮೊದಲ ವಾರ ಹಾಳೆಯೊಳಗೆ ಹನಿಗಳೇ ಇಳಿಯುತ್ತಿದ್ದವು. ಐದನೇ ವಾರ ಬರೀ ಮಬ್ಬು. ಏಳನೇ ವಾರ ಏನೂ ಇಲ್ಲ.

ಎಪಾಕ್ಸಿ ಮೊದಲ ದಿನ ಕೈಕೊಟ್ಟಿತು. ಮಧ್ಯಾಹ್ನ ಹನ್ನೆರಡಕ್ಕೆ ಅರ್ಧ ಕಿಲೋ ಒಮ್ಮೆಗೇ ಕಲಸಿದೆ. ಡಬ್ಬಿಯಲ್ಲೇ ಹೊಗೆ ಎದ್ದು ಕಲ್ಲಾಯಿತು. ಬೆಳಿಗ್ಗೆ ಹಚ್ಚಿದ ಕಡೆ ಸೂಜಿ ಚುಚ್ಚಿದಂಥ ತೂತುಗಳು ಬೇರೆ.

ಗೋಕುಲ ರೋಡ್ ಫೈಬರ್

ಬಿಸಿಲು ಏರುವಾಗ ಹಚ್ಚಿದರೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ ಸರ್, ಅದೇ ತೂತು. ಸಂಜೆ ಬಿಸಿ ಇಳಿಯುವಾಗ ಹಚ್ಚಿ, ಇಬ್ಬನಿಗೆ ಮುಂಚೆ ಮುಗಿಸಿ. ನೂರು ನೂರು ಗ್ರಾಂ ಕಲಸಿ, ಅಗಲ ತಟ್ಟೆಯಲ್ಲಿ ಹರವಿ. ಗಟ್ಟಿಯಾದ ಮೇಲೆ ಮೇಣದಂಥ ಜಿಡ್ಡು ಕೂತಿರಬಹುದು. ನೀರಲ್ಲಿ ಉಜ್ಜಿ ತೊಳೆದು, ಆಮೇಲೆ 80 ನಂಬರ್ ಪೇಪರ್ ಹಿಡಿಯಿರಿ.

ಲೇತ್ ಅಂಗಡಿ, ಹುಬ್ಬಳ್ಳಿ

ಹಾಗೇ ಮಾಡಿದೆ, ತೂತು ನಿಂತವು. ಈಗ ಇಡೀ ತಳಕ್ಕೆ ಎಪಾಕ್ಸಿ ಪ್ರೈಮರ್, ನಾಲ್ಕು ಕೋಟ್ ಆಗಿದೆ. ಎಷ್ಟಕ್ಕೆ ನಿಲ್ಲಿಸಲಿ?

ಗೋಕುಲ ರೋಡ್ ಫೈಬರ್

ಒಣಗಿದ ಮೇಲೆ ಕಾಲು ಮಿಲಿಮೀಟರ್ ದಪ್ಪ ಬರಬೇಕು. ಇನ್ನೆರಡು ಹೊಡೆಯಿರಿ. ಒಂದು ಕೋಟ್ ಬೂದು, ಇನ್ನೊಂದು ಬಿಳಿ ಇಟ್ಟುಕೊಂಡರೆ ಎಲ್ಲಿ ತಪ್ಪಿತು ಅಂತ ಕಣ್ಣಿಗೇ ಕಾಣುತ್ತದೆ. ಶನಿವಾರ ಸಂಜೆ ಬಂದು ನೋಡುತ್ತೇನೆ, ಗಿರಮಿಟ್ಟು ನಿಮ್ಮದು.