ಅಪ್‌ಡೇಟ್: ಡೋರ್ ಪ್ಯಾನೆಲ್‌ನ ‘ಟಪ್ ಟಪ್’ ಕೊನೆಗೂ ನಿಂತಿತು

ಹಳೇ ಕಾರಿನ ಡೋರ್‌ಗೆ ಒಳಗಡೆಯ ಪ್ಯಾನೆಲನ್ನು 1 ಮಿ.ಮೀ. ಅಲ್ಯೂಮಿನಿಯಂ ಶೀಟಿನಲ್ಲಿ ಕೈಯಾರೆ ಮಾಡುತ್ತಿದ್ದೇನೆ, ನಡುಭಾಗ ಒತ್ತಿದರೆ ಡಬ್ಬದ ಮುಚ್ಚಳದ ಹಾಗೆ ಟಪ್ ಅಂತ ಒಳಗೆ ಹೊರಗೆ ಆಡುತ್ತದೆ ಎಂದು ಹೋದ ವಾರ ಕೇಳಿದ್ದೆ. ಈಗ ಸರಿಹೋಗಿದೆ.

‘ನಡುವೆ ಇನ್ನಷ್ಟು ಬಡಿಯಿರಿ’ ಎಂಬ ಸಲಹೆ ಮೊದಲು ಪ್ರಯತ್ನಿಸಿದೆ. ಜಾಸ್ತಿ ಹಾಳಾಯಿತು. ಮರಳಿನ ಚೀಲದ ಮೇಲೆ ಕೊಡತಿಯಲ್ಲಿ ಬಡಿದು ನಡುಭಾಗವನ್ನು ಆಗಲೇ ಹಿಗ್ಗಿಸಿಬಿಟ್ಟಿದ್ದೆ. ಸುತ್ತಲಿನ ಅಂಚು ಮಾತ್ರ ಬಿಗಿಯಾಗಿತ್ತು. ಹಿಗ್ಗಿದ ಲೋಹಕ್ಕೆ ಜಾಗ ಬೇಕಲ್ವಾ?

ಕೆಲಸ ಮಾಡಿದ್ದು ‘ನಡುವನ್ನು ಮುಟ್ಟಬೇಡಿ, ಅಂಚನ್ನು ಹಿಗ್ಗಿಸಿ’ ಎಂದವರ ಮಾತು. ಕೆಳಗೆ ಡಾಲಿ (ಏಟಿಗೆ ಆಸರೆಯಾಗಿ ಹಿಡಿಯುವ ಉಕ್ಕಿನ ಗಟ್ಟಿ) ಹಿಡಿದು, ಸುತ್ತಲೂ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಾ ಹೋದೆ. ಮೂರನೇ ಸುತ್ತು ಮುಗಿಯುವಷ್ಟರಲ್ಲಿ ಆ ‘ಟಪ್’ ಶಬ್ದವೇ ಇಲ್ಲ!

ಶೀಟನ್ನು ಕಾಯಿಸಿ ಮೆತ್ತಗೆ ಮಾಡುವಾಗ ಒಂದು ತುಂಡಿಗೆ ತೂತು ಬಿತ್ತು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಸುವುದಿಲ್ಲ, 660 ಡಿಗ್ರಿ ಸೆಲ್ಸಿಯಸ್‌ಗೆ ಸುಮ್ನೆ ಕರಗಿಬಿಡುತ್ತದೆ. ಆಮೇಲೆ ಬಟ್ಟೆ ಸೋಪು ಉಜ್ಜಿ ಕಾಯಿಸಿದೆ. ಸೋಪು ಕಪ್ಪಾಗುತ್ತಿದ್ದಂತೆ ಉರಿ ತೆಗೆದರೆ ಸಾಕು.

ನನಗೆ ಆಶ್ಚರ್ಯವಾಗಿದ್ದು ಕಾಗದದ ಉಪಾಯ. ಬೇಕಾದ ಆಕಾರದ ಮೇಲೆ ಕಾಗದ ಹೊದಿಸಿ ನೋಡಿ. ಸುಕ್ಕು ಬಿದ್ದ ಕಡೆ ಲೋಹ ಕುಗ್ಗಿಸಬೇಕು, ಕಾಗದ ಹರಿಯುವ ಕಡೆ ಹಿಗ್ಗಿಸಬೇಕು. ಇದು ಮೊದಲೇ ಗೊತ್ತಿದ್ದರೆ ಎರಡು ಶೀಟು ಉಳಿಯುತ್ತಿತ್ತು. ಇನ್ನೊಂದು ಬಾಗಿಲು ಬಾಕಿ ಇದೆ, ಈ ಸಲ ಕತ್ತರಿ ಹಿಡಿಯೋ ಮೊದಲು ಕಾಗದ.